ಕೀವ್‌ನಲ್ಲಿ ಓದಿದ ಡಾಕ್ಟ್ರಮ್ಮ

ನಮ್ಮಣ್ಣ ಮರುಮದುವೆಯ ಮಾತೆತ್ತಿದ್ದು 2008ರ ಮಳೆಗಾಲದಲ್ಲಿ. ಹೆಣ್ಣು ಯಾರೆಂದು ತಿಳಿದ ಕೂಡಲೇ ಅಮ್ಮ ಅವನ ಜೊತೆ ಮಾತು ಬಿಟ್ಟಳು. ಊಟಕ್ಕೆ ಬಡಿಸುತ್ತಿದ್ದಳು, ಅಷ್ಟೇ. ಏನಾದರೂ ಹೇಳಬೇಕಿದ್ದರೆ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು.

ಅಣ್ಣನಿಗೆ ಆಗ ನಲವತ್ತೈದು ದಾಟಿತ್ತು. ನರಸಿಂಹರಾಜಪುರದಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ ಇಟ್ಟಿದ್ದ. ಮೊದಲ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಹುಡುಗಿಗೆ ಚಿಕ್ಕಂದಿನಿಂದಲೇ ಹೃದಯದ ತೊಂದರೆ ಇತ್ತು. ಹೆಣ್ಣು ನೋಡಲು ಹೋದಾಗ ಅವಳು ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಿದ್ದನ್ನು ಅಮ್ಮ ಗಮನಿಸಿ ಕೇಳಿಯೇ ಕೇಳಿದ್ದಳಂತೆ. ‘ಏನೂ ಇಲ್ಲ, ನಾಚಿಕೆ’ ಎಂದು ಅವರ ಮನೆಯವರು ನಕ್ಕಿದ್ದರು. ಮದುವೆಯಾದ ಎರಡನೇ ವರ್ಷ ಅವಳು ಹೋದಳು. ಪಾಪದ ಹುಡುಗಿ, ಅವಳಿಗೂ ಪೂರ್ತಿ ಹೇಳಿರಲಿಲ್ಲವೋ ಏನೋ. ಅಂದಿನಿಂದ ಅಮ್ಮನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹಾಲಿನವನು ಇವತ್ತು ಹಾಲು ಗಟ್ಟಿಯಿದೆ ಎಂದರೆ, ನಿನ್ನೆ ಹಾಗಾದರೆ ಏನು ಕೊಟ್ಟಿದ್ದೆ ಎಂದು ಕೇಳುವವಳು.

ಅಂಥವಳ ಮುಂದೆ ಅಣ್ಣ ತಂದು ನಿಲ್ಲಿಸಿದ್ದು ಇಡೀ ಪೇಟೆಯೇ ಅನುಮಾನದಿಂದ ನೋಡುತ್ತಿದ್ದ ಹೆಂಗಸನ್ನು.

ಅವರು ಡಾಕ್ಟರು. ಬಾಳೆಹೊನ್ನೂರಿನ ಕಡೆಯ ವ್ಯಾಪಾರದ ಮನೆತನ, ನಮ್ಮವರೇ. ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಔಷಧಿ ಅಂಗಡಿಯ ಪಕ್ಕದ ಕೋಣೆಯಲ್ಲಿ ಕ್ಲಿನಿಕ್ ತೆರೆದು ಮೂರ್ನಾಲ್ಕು ವರ್ಷವಾಗಿತ್ತು. ಅವರ ತಂದೆ ಹಿಂದಿನ ಕಾಲದಲ್ಲೇ ಧೈರ್ಯ ಮಾಡಿ ಮಗಳನ್ನು ಸೋವಿಯತ್ ದೇಶಕ್ಕೆ ವೈದ್ಯಕೀಯ ಓದಲು ಕಳಿಸಿದ್ದರು. ಕೀವ್ ಎಂಬ ಊರು. ಅವರು ಅಲ್ಲಿದ್ದಾಗಲೇ, 1986ರಲ್ಲಿ, ಹತ್ತಿರದ ಚೆರ್ನೋಬಿಲ್‌ನಲ್ಲಿ ಅಣು ಸ್ಥಾವರ ಸಿಡಿದಿತ್ತು.

ಇಷ್ಟು ನಿಜ. ಇದರ ಮೇಲೆ ಪೇಟೆಯವರು ಕಟ್ಟಿದ್ದು ಬೇಕಾದಷ್ಟಿತ್ತು. ಅವರ ಕುತ್ತಿಗೆ ಕೊಯ್ದು ಆಪರೇಷನ್ ಮಾಡಿದ್ದಾರೆ, ಅದಕ್ಕೇ ಯಾವಾಗಲೂ ಸ್ಕಾರ್ಫ್ ಸುತ್ತಿಕೊಂಡಿರುತ್ತಾರೆ ಎನ್ನುವವರಿದ್ದರು. ಹಿಂದೆ ನಿಶ್ಚಯವಾಗಿದ್ದ ಅವರ ಮದುವೆ ಮುರಿದು ಬಿದ್ದದ್ದು ಚೆರ್ನೋಬಿಲ್‌ನ ವಿಷದಿಂದಲೇ, ಮಕ್ಕಳಾದರೂ ನೆಟ್ಟಗಿರುವುದಿಲ್ಲ ಎನ್ನುವವರಿದ್ದರು. ಅವರ ಕ್ಲಿನಿಕ್ಕಿನಲ್ಲಿ ಬಲ್ಬು ಪದೇ ಪದೇ ಸುಟ್ಟುಹೋಗುತ್ತದೆ, ಅದು ಕರೆಂಟಿನ ತಪ್ಪಲ್ಲ ಎಂದು ಒಬ್ಬ ಎಲೆಕ್ಟ್ರಿಷಿಯನ್ನನೇ ಹೇಳಿದ್ದನಂತೆ. ಆದರೂ ರೋಗಿಗಳು ದೂರವಾಗಲು ಇವೆಲ್ಲಕ್ಕಿಂತ ದೊಡ್ಡ ಕಾರಣ ಬೇರೆಯಿತ್ತು. ಜ್ವರವೆಂದು ಹೋದವರಿಗೆ ಮಾತ್ರೆ ಕೊಡುತ್ತಿದ್ದರು, ಹೇಗೆ ತೆಗೆದುಕೊಳ್ಳಬೇಕೆಂದು ಹೇಳುತ್ತಿದ್ದರು. ‘ಏನೂ ಆಗಲ್ಲ ಅಲ್ವಾ ಡಾಕ್ಟ್ರೇ?’ ಎಂದು ಕೇಳಿದರೆ ಮಾತ್ರ, ‘ನೋಡೋಣ’ ಎನ್ನುತ್ತಿದ್ದರು. ನಮ್ಮ ಕಡೆಯ ಜನ ಡಾಕ್ಟರ ಹತ್ತಿರ ಅರ್ಧ ಹೋಗುವುದೇ ಆ ಒಂದು ಮಾತು ಕೇಳಿಸಿಕೊಳ್ಳಲು. ಅದನ್ನು ಹೇಳದ ಡಾಕ್ಟರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಅವರ ಲೆಕ್ಕ.

ನಾನಾಗ ಕೊಪ್ಪದಲ್ಲಿದ್ದೆ. ಗಂಡನಿಗೆ ಅಲ್ಲಿ ಬ್ಯಾಂಕಿನಲ್ಲಿ ಕೆಲಸ, ನನಗೆ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ. ಅಮ್ಮ ಫೋನ್ ಮಾಡಿ ಕರೆಸಿಕೊಂಡಳು.

“ನೀನು ಅದನ್ನೇ ಅಲ್ವಾ ಮಕ್ಕಳಿಗೆ ಹೇಳಿಕೊಡೋದು. ಅವಳ ಮೈಯಲ್ಲಿ ಅದು ಇನ್ನೂ ಇದ್ಯಾ ಇಲ್ವಾ, ನೋಡಿ ಹೇಳು.”

ಹತ್ತನೇ ತರಗತಿಗೆ ನಾನು ಬೈಜಿಕ ವಿದಳನ ಹೇಳಿಕೊಡುತ್ತಿದ್ದೆ, ಅರ್ಧಾಯುಷ್ಯ ಎಂದರೇನು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಕೆಲವು ವಸ್ತುಗಳ ವಿಕಿರಣ ದಿನಗಳಲ್ಲಿ ಅರ್ಧವಾಗುತ್ತದೆ, ಕೆಲವಕ್ಕೆ ಸಾವಿರಾರು ವರ್ಷ ಬೇಕು. ಪರೀಕ್ಷೆಗೆ ಅಷ್ಟು ಸಾಕು. ಒಬ್ಬ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ನೋಡಿ ಹೇಳುವ ವಿದ್ಯೆ ನನ್ನ ಪುಸ್ತಕದಲ್ಲಿರಲಿಲ್ಲ.

ಆ ಭಾನುವಾರ ಅಣ್ಣ ಅವರನ್ನು ಊಟಕ್ಕೆ ಕರೆದಿದ್ದ. ಅವರು ಬಂದರು. ತೆಳ್ಳಗೆ, ಉದ್ದಕ್ಕೆ, ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಸ್ಕಾರ್ಫ್ ಇತ್ತು. ಅಂಗಳದ ನಲ್ಲಿಯಲ್ಲಿ ಕಾಲು ತೊಳೆದುಕೊಂಡಿದ್ದು ಸ್ವಲ್ಪ ಹೆಚ್ಚು ಹೊತ್ತಾಯಿತೇನೋ. ಅಮ್ಮ ನನ್ನ ಕಡೆ ನೋಡಿದಳು. ಅಮ್ಮ ಅಂದು ಅಣಬೆಯ ಪಲ್ಯ ಮಾಡಿದ್ದಳು. ಗುಡುಗು ಹೊಡೆದ ಮಾರನೇ ದಿನ ಹುತ್ತದ ಬಳಿ ಏಳುತ್ತದಲ್ಲ, ಆ ಅಣಬೆ. ಅದು ಸಿಗುವುದೇ ಅಪರೂಪ, ನೆಂಟರು ಬಂದಾಗಲೇ ಮಾಡುವಂಥದ್ದು. ಡಾಕ್ಟರು ಅದನ್ನು ನೋಡಿ, ಎಲ್ಲಿಂದ ತಂದಿದ್ದೆಂದು ಕೇಳಿದರು. ಆಮೇಲೆ ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದರು.

ತಿನ್ನಲ್ವಾ ಎಂದು ಅಮ್ಮ ಕೇಳಿದ್ದಕ್ಕೆ, ಮೊದಲು ತಿನ್ನುತ್ತಿದ್ದೆ, ಅಲ್ಲಿಗೆ ಹೋಗಿಬಂದ ಮೇಲೆ ಬಿಟ್ಟೆ ಎಂದರು. ಅಲ್ಲಿಯ ಕಾಡಿನ ಅಣಬೆ ನೆಲದಲ್ಲಿದ್ದ ವಿಷವನ್ನೆಲ್ಲ ಹೀರಿಕೊಳ್ಳುತ್ತದಂತೆ, ವರ್ಷಗಟ್ಟಲೆ. ಇಲ್ಲಿಯದು ಹಾಗಲ್ಲ, ಗೊತ್ತಿದೆ, ಆದರೂ ಗಂಟಲಲ್ಲಿ ಇಳಿಯುವುದಿಲ್ಲ ಎಂದರು. ನನ್ನ ಮಗಳು, ಆಗಿನ್ನೂ ಅಂಗನವಾಡಿಗೆ ಹೋಗುವವಳು, ಹೋಗಿ ಅವರ ತೊಡೆಗೆ ಒರಗಿ ನಿಂತಳು. ನನ್ನ ಗಂಡ ಅವಳನ್ನು ಹತ್ತಿರ ಕರೆದರು. ಯಾಕೆ ಎಂಬಂತೆ ನಾನು ನೋಡಿದೆ. ಗಂಡ ಮುಖ ತಪ್ಪಿಸಿ ಕಿಟಕಿಯ ಹೊರಗೆ ನೋಡಿದರು.

ಹೊರಡುವ ಮುಂಚೆ ಡಾಕ್ಟರು ಅಮ್ಮನ ಕುತ್ತಿಗೆಯನ್ನೇ ನೋಡುತ್ತ ನಿಂತರು. ಅಲ್ಲೊಂದು ಗಡ್ಡೆ ಇತ್ತು. ನಮಗೆಲ್ಲ ಅದು ಅಮ್ಮನ ಮೂಗಿನಷ್ಟೇ ಹಳೆಯದು. ಮಲೆನಾಡಿನ ಹೆಂಗಸರಿಗೆ ಗಳಗಂಡ ಹೊಸತೇ? ಎಷ್ಟು ದಿನದಿಂದ ಇದೆ, ಇತ್ತೀಚೆಗೆ ದೊಡ್ಡದಾಯಿತಾ, ಮಲಗಿದಾಗ ಉಸಿರು ಕಟ್ಟುತ್ತದಾ ಎಂದು ಕೇಳಿ, ಶಿವಮೊಗ್ಗದಲ್ಲಿ ತೋರಿಸಬೇಕು ಎಂದರು. ಅಣ್ಣ, ಏನೂ ಆಗಲ್ಲ ತಾನೆ ಎಂದ. “ತೋರಿಸದೆ ಹೇಳಕ್ಕಾಗಲ್ಲ” ಎಂದರು. ಅವನಿಗೂ ಅದೇ ಉತ್ತರ!

ಅವರು ಹೋದ ಮೇಲೆ ಅಮ್ಮ ಅವರು ಕಾಫಿ ಕುಡಿದ ಲೋಟವನ್ನು ಬೂದಿ ಹಾಕಿ ಬೇರೆಯಾಗಿ ತೊಳೆದು, ಅಟ್ಟದ ಮೇಲಿಟ್ಟಳು. ಮುಂದಿನ ವಾರ ಫೋನಿನಲ್ಲಿ, ಗಡ್ಡೆ ಬೆಳೀತಾ ಇದೆ ಕಣೆ ಎಂದಳು. ಅವರ ಕಣ್ಣು ಬಿದ್ದ ಮೇಲೆಯೇ ಬೆಳೆಯಲು ಶುರುವಾಗಿದ್ದು ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

ಅಣ್ಣನಿಗೆ ತಿಳಿಸದೆ ನಾನೊಂದು ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿಗೆ ಹೋದೆ. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಕೇಳಬೇಕಾದ್ದನ್ನು ಹೇಗೆ ಕೇಳುವುದೆಂದು ಬಸ್ಸಿನಲ್ಲೆಲ್ಲ ಯೋಚಿಸಿಕೊಂಡು ಬಂದಿದ್ದೆ. ಕುಳಿತ ಮೇಲೆ ಅವರ ಕುತ್ತಿಗೆಯನ್ನೇ ನೋಡುತ್ತ ಉಳಿದೆ. ನನ್ನ ಕಣ್ಣು ಎಲ್ಲಿದೆಯೆಂದು ಅವರು ಗಮನಿಸಿದ್ದರು. ಸ್ಕಾರ್ಫನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಕುತ್ತಿಗೆ ಸ್ವಚ್ಛವಾಗಿತ್ತು, ಒಂದು ಗೆರೆಯೂ ಇಲ್ಲ.

“ನೋಡಿದ್ರಾ? ಈ ಕೋಣೆಗೆ ಹಿಂದಿನಿಂದ ಗಾಳಿ ಬಡಿಯುತ್ತೆ. ನನಗೆ ಬೇಗ ನೆಗಡಿಯಾಗುತ್ತೆ, ಅಷ್ಟೇ” ಎಂದರು.

ನನಗೆ ನಗು ಬಂತು, ನಾಚಿಕೆಯೂ ಆಯಿತು. ಆದರೆ ಅನುಮಾನ ಹೋಗಲಿಲ್ಲ. ಹಾಗಾದರೆ ಅದರಿಂದ ನಿಮಗೆ ಏನೂ ಆಗಿಲ್ಲವೇ ಎಂದು ಕೇಳಿಯೇಬಿಟ್ಟೆ. ಅವರು ಬಾಗಿಲ ಕಡೆ ನೋಡಿ, ಯಾರೂ ಬರುತ್ತಿಲ್ಲವೆಂದು ಖಚಿತ ಮಾಡಿಕೊಂಡು ಹೇಳತೊಡಗಿದರು.

ಅವರ ಹಾಸ್ಟೆಲ್ ಕೋಣೆಯಲ್ಲಿ ಆ ದೇಶದ ಹುಡುಗಿಯೊಬ್ಬಳು ಇದ್ದಳಂತೆ. ಅವಳ ಅಣ್ಣ ಸಿಟಿ ಬಸ್ಸಿನ ಡ್ರೈವರು. ಏಪ್ರಿಲ್ ಕೊನೆಯಲ್ಲಿ ಒಂದು ದಿನ ಅವನಿಗೆ ಬಸ್ಸು ತೆಗೆದುಕೊಂಡು ಹೊರಡಲು ಹೇಳಿದರು. ಅವನಂಥ ನೂರಾರು ಡ್ರೈವರುಗಳು ಸಾಲಾಗಿ ಹೋದರು. ಎಲ್ಲಿಗೆ, ಯಾಕೆ ಎಂದು ಮನೆಯವರಿಗೆ ಗೊತ್ತಿಲ್ಲ. ತಂಗಿ ಕೇಳಿದ್ದಕ್ಕೆ ಮೇಲಿನವರು, ಏನೂ ಆಗಿಲ್ಲ ಎಂದರು. ಆಮೇಲೆ ಮೇ ಒಂದರ ಮೆರವಣಿಗೆ. ರಸ್ತೆಯ ಎರಡೂ ಬದಿಯ ಮರಗಳು ಹೂ ಬಿಡುವ ಕಾಲ. ಪುಟ್ಟ ಮಕ್ಕಳು ಕಾಗದದ ಹೂ ಹಿಡಿದು ನಡೆದರು, ಇವರೂ ಹಾಸ್ಟೆಲಿನವರ ಜೊತೆ ನಡೆದರು. ಹಿತವಾದ ಗಾಳಿ ಬೀಸುತ್ತಿತ್ತಂತೆ. ಆ ಗಾಳಿಯನ್ನು ಎಷ್ಟು ಆಸೆಯಿಂದ ಎಳೆದುಕೊಂಡೆ ಎಂದು ಹೇಳುವಾಗ ಅವರ ದನಿ ಸ್ವಲ್ಪ ತಗ್ಗಿತು.

ಕೆಲವು ದಿನ ಬಿಟ್ಟು ನೀರಿನ ಲಾರಿಗಳು ರಸ್ತೆ ತೊಳೆಯತೊಡಗಿದವು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದವು. ಹಾಸ್ಟೆಲಿನ ಬಾಗಿಲಲ್ಲಿ ಒದ್ದೆ ಗೋಣಿ ಹಾಸಿದರು. ಕಿಟಕಿ ತೆರೆಯಬೇಡಿ ಎಂದರು. ಯಾಕೆ ಎಂದು ಕೇಳಿದರೆ, ಏನೂ ಆಗಿಲ್ಲ, ಧೂಳು ಎಂದರು. ಅಷ್ಟರಲ್ಲಿ ತಂದೆಯಿಂದ ತಂತಿ ಬಂತು, ಕೂಡಲೇ ಹೊರಟು ಬಾ ಎಂದು.

“ನೋಡಿ, ನಮ್ಮಪ್ಪ ಬಾಳೆಹೊನ್ನೂರಲ್ಲಿ ಅಂಗಡಿ ಕಟ್ಟೆ ಮೇಲೆ ಕೂತು ಪೇಪರ್ ಓದಿ ತಿಳ್ಕೊಂಡಿದ್ರು. ನಾನು ಅದರ ಪಕ್ಕದಲ್ಲೇ ಇದ್ದೆ, ನನಗೆ ಗೊತ್ತಿರಲಿಲ್ಲ. ತಂತಿ ತೋರಿಸಿದ್ರೆ ವಾರ್ಡನ್ ನಕ್ಕಳು. ನಿಮ್ಮ ದೇಶದ ಪೇಪರಿನವರು ಸುಳ್ಳು ಬರೀತಾರೆ ಅಂದಳು. ಅವಳಿಗೂ ಗೊತ್ತಿರಲಿಲ್ಲವೋ ಏನೋ.”

ರಜೆಗೆ ಊರಿಗೆ ಬಂದು, ಮತ್ತೆ ಹೋಗಿ ಓದು ಮುಗಿಸಿದರು. ಬಸ್ ಡ್ರೈವರ್ ವಾಪಸ್ಸು ಬಂದಿದ್ದ, ಆದರೆ ಕೆಲಸ ಮಾಡುವಂತಿರಲಿಲ್ಲ. ಕೋಣೆಯ ಗೆಳತಿ ಹಲವು ವರ್ಷಗಳ ನಂತರ ರಕ್ತದ ಕ್ಯಾನ್ಸರಿನಿಂದ ಸತ್ತಳು. ಅದರಿಂದಲೇ ಎಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಇವರು ದಿನಾ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ಅದೂ ಅದರಿಂದಲೇ ಬಂತೇ ಎಂದು ನಾನು ಕೇಳಿದೆ.

“ಗೊತ್ತಿಲ್ಲ. ಮಲೆನಾಡಿನವಳಲ್ವಾ, ಇಲ್ಲೇ ಎಷ್ಟು ಜನಕ್ಕಿದೆ. ನೆಗಡಿ ಆದ್ರೂ, ಮೊಣಕಾಲು ನೋವು ಬಂದ್ರೂ, ಇದು ಅದೇನಾ ಅಂತ ಅನ್ಸುತ್ತೆ. ಇಷ್ಟು ವರ್ಷದ ಮೇಲೆ ನನ್ನಲ್ಲಿ ಉಳಿದಿರೋದು ಅದೊಂದೇ. ವಿಕಿರಣ ಅಲ್ಲ, ಅನುಮಾನ.”

ಅವತ್ತಿನಿಂದ ಏನೂ ಆಗಿಲ್ಲ ಎಂಬ ಮಾತಿನ ಮೇಲೆ ನಂಬಿಕೆ ಹೋಗಿದೆ, ಅದಕ್ಕೇ ರೋಗಿಗಳಿಗೆ ಅದನ್ನು ಹೇಳಲಾಗುವುದಿಲ್ಲ ಎಂದರು. ಅಣ್ಣನಿಗೆ ಇದೆಲ್ಲ ಗೊತ್ತೇ ಎಂದೆ. ಮೊದಲ ದಿನವೇ ಹೇಳಿದ್ದಾರಂತೆ. ಬಸ್ಸಿನಲ್ಲಿ ಬರುತ್ತ ಎಲ್ಲವನ್ನೂ ಮತ್ತೆ ತಿರುವಿ ಹಾಕಿದೆ. ಇಷ್ಟು ಚೆನ್ನಾಗಿ ಹೇಳುವವರು ಇನ್ನೇನನ್ನಾದರೂ ಬಿಟ್ಟಿರಬಹುದೇ ಎಂಬ ಯೋಚನೆ ಮುತ್ತಿನಕೊಪ್ಪ ದಾಟುವವರೆಗೂ ನನ್ನನ್ನು ಬಿಡಲಿಲ್ಲ. ಅಮ್ಮನ ಮಗಳಲ್ಲವೇ.

ಆ ಸೆಪ್ಟೆಂಬರಿನಲ್ಲಿ ಟೀವಿಯವರು ಹೊಸದೊಂದು ಹೆದರಿಕೆ ಹುಟ್ಟಿಸಿದರು. ಯುರೋಪಿನಲ್ಲಿ ನೆಲದಡಿ ದೊಡ್ಡ ಯಂತ್ರ ಕಟ್ಟಿದ್ದಾರೆ, ಅದನ್ನು ಚಾಲೂ ಮಾಡಿದ ದಿನ ಕಪ್ಪುರಂಧ್ರ ಹುಟ್ಟಿ ಭೂಮಿಯನ್ನೇ ನುಂಗುತ್ತದೆ ಎಂದು. ಭೂಮಿ ಬಚ್ಚಲಿನ ನೀರಿನಂತೆ ಸುತ್ತಿ ಸುತ್ತಿ ಒಳಗೆ ಹೋಗುವ ಚಿತ್ರವನ್ನು ದಿನವಿಡೀ ತೋರಿಸಿದರು. ನಮ್ಮ ಶಾಲೆಯಲ್ಲಿ ಮಕ್ಕಳು ಬರುವುದು ಕಡಿಮೆಯಾಯಿತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೊಸ ಜಾಮಿಟ್ರಿ ಬಾಕ್ಸನ್ನು, ಇನ್ನು ನನಗ್ಯಾಕೆ ಎಂದು ತಂಗಿಗೆ ಕೊಟ್ಟಿದ್ದಳು. ನಾನು ಹೇಳಿದ್ದನ್ನು ಮಕ್ಕಳು ನಂಬಲಿಲ್ಲ. ಮೇಷ್ಟ್ರುಗಳು ಹಾಗೆ ಹೇಳಲೇಬೇಕಲ್ಲ ಎಂಬ ಮುಖ ಮಾಡಿದರು. ಯಾರಾದರೂ ಡಾಕ್ಟರನ್ನು ಕರೆಸಿ ಧೈರ್ಯ ಹೇಳಿಸೋಣ ಎಂದು ಹೆಡ್‌ಮಾಸ್ತರರು ಹೇಳಿದಾಗ ನನ್ನ ಬಾಯಿಂದ ಇವರ ಹೆಸರು ಬಂದುಬಿಟ್ಟಿತು. ಆಮೇಲೆ ಅಳುಕಾಯಿತು. ಮಕ್ಕಳ ಮುಂದೆಯೂ, ನೋಡೋಣ ಎಂದುಬಿಟ್ಟರೆ?

ಅವರು ಬಸ್ಸಿನಲ್ಲಿ ಬಂದರು. ಮಕ್ಕಳ ಕಿವಿಗೆ ಏನೇನು ಬಿದ್ದಿದೆಯೆಂದು ಮೊದಲು ವಿಚಾರಿಸಿಕೊಂಡರು. ‘ಏನೂ ಆಗಲ್ಲ ಅಂತ ಒಂದು ಮಾತು ಹೇಳಿಬಿಡಿ ಮೇಡಂ’ ಎಂದು ಹೆಡ್‌ಮಾಸ್ತರರು ಪಕ್ಕದಿಂದ ಅಂದರು. ಅವರು ಹೇಳಲಿಲ್ಲ. ಆ ಯಂತ್ರದಲ್ಲಿ ಏನು ಮಾಡುತ್ತಾರೆ, ಅಂಥ ಡಿಕ್ಕಿಗಳು ನಮ್ಮ ತಲೆಯ ಮೇಲಿನ ಆಕಾಶದಲ್ಲಿ ದಿನವೂ ನಡೆಯುತ್ತವೆ ಎಂಬುದನ್ನು ವಿವರಿಸಿದರು. ಯಂತ್ರ ಕಟ್ಟಿದವರು ತಮಗೆ ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಎಲ್ಲರ ಮುಂದೆ ಇಟ್ಟಿದ್ದಾರೆ, ಮುಚ್ಚಿಟ್ಟಿಲ್ಲ, ಅದಕ್ಕೇ ನನಗೆ ಹೆದರಿಕೆಯಿಲ್ಲ ಎಂದರು. ನನಗೆ ತಿಳಿದ ಮಟ್ಟಿಗೆ ಭೂಮಿಗೆ ಏನೂ ಆಗುವುದಿಲ್ಲ ಎಂದರು. ತಿಳಿದ ಮಟ್ಟಿಗೆ ಎಂಬುದು ಹೆಡ್‌ಮಾಸ್ತರರಿಗೆ ಹಿಡಿಸಲಿಲ್ಲ.

ಜಾಮಿಟ್ರಿ ಬಾಕ್ಸಿನ ಹುಡುಗಿ ಎದ್ದು ನಿಂತಳು. “ಹಾಗಾದ್ರೆ ಪ್ರಪಂಚ ಯಾವತ್ತೂ ಮುಗಿಯಲ್ವಾ ಮಿಸ್?”

“ಮುಗಿಯುತ್ತೆ” ಎಂದರು ಡಾಕ್ಟರು.

ಅವರು ಅವಸರವಿಲ್ಲದೆ ಹೇಳಿದರು. ಸೂರ್ಯ ನಿಧಾನಕ್ಕೆ ಹೆಚ್ಚು ಹೆಚ್ಚು ಬಿಸಿಯಾಗುತ್ತಾನೆ. ನೂರು ಕೋಟಿ ವರ್ಷದ ಸುಮಾರಿಗೆ ಸಮುದ್ರಗಳು ಆರಿಹೋಗಬಹುದು. ಇನ್ನೂ ಎಷ್ಟೋ ಕೋಟಿ ವರ್ಷಕ್ಕೆ ಸೂರ್ಯ ಉಬ್ಬಿ ಕೆಂಪಗಾಗಿ, ಆಮೇಲೆ ಕುಗ್ಗಿ ಬೂದಿ ಮುಚ್ಚಿದ ಕೆಂಡದಂತೆ ಉಳಿಯುತ್ತಾನೆ. ಆಮೇಲೆ, ಎಂದಿತು ಹಿಂದಿನ ಬೆಂಚು. ಆಮೇಲೆ ಬೇರೆ ನಕ್ಷತ್ರಗಳೂ ಒಂದೊಂದಾಗಿ ಆರುತ್ತವೆ, ಹೊಸತು ಹುಟ್ಟುವುದಿಲ್ಲ. ಆಮೇಲೆ? ಕತ್ತಲೆ, ತಣ್ಣಗಿನ ಕತ್ತಲೆ. ಆಮೇಲೆ? ಅಲ್ಲಿಂದ ಮುಂದೆ ದೊಡ್ಡ ದೊಡ್ಡವರಿಗೂ ಸರಿಯಾಗಿ ಗೊತ್ತಿಲ್ಲ ಎಂದರು. ಮಕ್ಕಳು ಹೆದರಿದಂತೆ ಕಾಣಲಿಲ್ಲ. ದೂರದ ಊರಿನ ನೆಂಟರ ಸುದ್ದಿ ಕೇಳುವವರಂತೆ ಬಾಯಿ ಬಿಟ್ಟುಕೊಂಡು ಕೇಳಿದರು. ಯಂತ್ರ ಚಾಲೂ ಆದ ಮಾರನೇ ದಿನ ಎಲ್ಲರೂ ಶಾಲೆಗೆ ಬಂದಿದ್ದರು. ತಂಗಿ ಬಾಕ್ಸು ವಾಪಸ್ಸು ಕೊಡುತ್ತಿಲ್ಲವೆಂದು ಆ ಹುಡುಗಿ ನನ್ನ ಹತ್ತಿರ ದೂರು ತಂದಳು.

ಈ ಸುದ್ದಿ ನರಸಿಂಹರಾಜಪುರಕ್ಕೆ ತಲುಪುವಷ್ಟರಲ್ಲಿ, ಸೂರ್ಯ ಸಾಯುತ್ತಾನೆಂದು ಡಾಕ್ಟ್ರಮ್ಮ ಮಕ್ಕಳಿಗೆ ಶಾಪ ಹಾಕಿದರಂತೆ ಎಂದಾಗಿತ್ತು. ಅಮ್ಮ ಕೆಂಡವಾದಳು. ಅಂಥವಳನ್ನು ಶಾಲೆಗೆ ಕರೆದೊಯ್ದವಳು ನಾನೆಂದು ನನ್ನ ಜೊತೆಗೂ ಮಾತು ಬಿಟ್ಟಳು.

ಆ ಮೌನ ಮುರಿದದ್ದು ಗಡ್ಡೆಯಿಂದ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಮ್ಮ ಹಿತ್ತಲಿನಿಂದ ಸೌದೆ ಹೊತ್ತು ಬರುವಾಗ ಉಸಿರು ಕಟ್ಟಿ ಕುಸಿದು ಕೂತಳು. ಅಣ್ಣ ಸರಕು ತರಲು ಹುಬ್ಬಳ್ಳಿಗೆ ಹೋಗಿದ್ದ. ಪಕ್ಕದ ಮನೆಯವರು ಆಟೋದಲ್ಲಿ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದರು. ಅದು ಇವರದೇ. ಇವರು ಕ್ಲಿನಿಕ್ ಮುಚ್ಚಿ, ಕಾರು ಮಾಡಿಸಿಕೊಂಡು, ಅಮ್ಮನನ್ನು ಒರಗಿಸಿ ಕೂರಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಹೋದರು. ನಾನು ಮಾರನೇ ದಿನ ಅಲ್ಲಿ ಸೇರಿಕೊಂಡೆ. ಗಡ್ಡೆ ಶ್ವಾಸನಾಳವನ್ನು ಒತ್ತುತ್ತಿದೆ, ತೆಗೆಯಬೇಕು ಎಂದಿದ್ದರು. ಅಲ್ಲಿಯ ನರ್ಸುಗಳು, ಬಂದುಹೋಗುವ ನೆಂಟರು, ಕೊನೆಗೆ ನಾನೂ, ಏನೂ ಆಗಲ್ಲಮ್ಮ ಎನ್ನುತ್ತಿದ್ದೆವು. ಅಮ್ಮ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡುತ್ತಿದ್ದಳು.

ಆಪರೇಷನ್ನಿನ ಹಿಂದಿನ ದಿನ ಸಂಜೆ ಡಾಕ್ಟರು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದಳು ಅಮ್ಮ. “ಇದು ನಿಮ್ಮಿಂದ ಬಂದಿದ್ದಾ?”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಡಾಕ್ಟರ ಮುಖ ಬದಲಾಗಲಿಲ್ಲ.

“ಅಲ್ಲಮ್ಮ. ನಾನು ನಿಮ್ಮನೆಗೆ ಬರೋಕ್ಕೆ ಮುಂಚೆಯಿಂದ್ಲೂ ಇತ್ತು. ಇದೊಂದು ನಂಗೆ ಖಂಡಿತ ಗೊತ್ತು.”

“ನಿಮ್ಮ ಮೈಯಲ್ಲಿರೋದು ನನ್ನ ಮಗನಿಗೆ ಬರ್ತದಾ?”

“ಬರಲ್ಲ. ಅದು ಅಂಟೋ ಅಂಥದ್ದಲ್ಲ.”

“ನಿಮಗೆ ಮುಂದೆ ಏನಾದ್ರೂ ಆಗ್ತದಾ?”

“ಗೊತ್ತಿಲ್ಲ.”

“ನಂಗೆ?”

“ಅದೂ ಈಗ ಗೊತ್ತಿಲ್ಲ. ಗಡ್ಡೆ ತೆಗೆದು ಪರೀಕ್ಷೆಗೆ ಕಳಿಸ್ತಾರೆ. ಕೆಟ್ಟದಿದ್ರೂ, ಒಳ್ಳೇದಿದ್ರೂ, ಮೊದಲು ನಿಮಗೇ ಹೇಳ್ತೀನಿ.”

ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಡಾಕ್ಟರು ಎದ್ದು ಕಾಫಿ ತರಲು ಹೋದ ಮೇಲೆ, ಆ ಕಡೆ ತಿರುಗಿಕೊಂಡೇ ನನಗೆ ಹೇಳಿದಳು: “ಅವತ್ತು ಆ ಹುಡುಗಿ ಮನೆಯವರು ಏನೂ ಇಲ್ಲ ಅಂದ್ರು. ಇವಳು ಗೊತ್ತಿಲ್ಲ ಅಂತಾಳೆ. ಇವಳೇ ವಾಸಿ ಕಣೆ.”

ಪರೀಕ್ಷೆಯ ಫಲ ಬಂದಾಗ ಇವರು ಹೇಳಿದಂತೆಯೇ ಮಾಡಿದರು. ಕಾರಿಡಾರಿನಲ್ಲಿ ನಿಂತಿದ್ದ ಅಣ್ಣನನ್ನೂ ನನ್ನನ್ನೂ ದಾಟಿಕೊಂಡು ಒಳಗೆ ಹೋಗಿ ಅಮ್ಮನ ಕಿವಿಯ ಹತ್ತಿರ ಬಗ್ಗಿದರು. ಕ್ಯಾನ್ಸರ್ ಅಲ್ಲ, ಮಾಮೂಲಿ ಗಳಗಂಡ. ಒಳಗಿನಿಂದ ಅಮ್ಮ ಅಳುವುದು ಕೇಳಿಸಿ ನಾವು ಬೇರೆಯದೇ ಅರ್ಥ ಮಾಡಿಕೊಂಡು ಒಳಗೆ ಓಡಿದೆವು.

ಮದುವೆ ಮುಂದಿನ ಬೇಸಿಗೆಯಲ್ಲಿ ಅತ್ತಿಗೆಯ ತವರಿನಲ್ಲೇ ಸರಳವಾಗಿ ನಡೆಯಿತು. ಪೇಟೆಯ ಮಾತು ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ಅಣ್ಣನಿಗೊಮ್ಮೆ ಜ್ವರ ಬಂದಾಗ, ಶುರುವಾಯಿತು ನೋಡಿ ಎಂದು ಒಬ್ಬ ಅಂದನಂತೆ. ಹಾಗೆಂದವನ ಜೊತೆ ಅಮ್ಮ ರಸ್ತೆಯಲ್ಲೇ ಜಗಳವಾಡಿದಳು. ಅವಳ ಅನುಮಾನವೇನೂ ಕಡಿಮೆಯಾಗಿರಲಿಲ್ಲ, ದಿಕ್ಕು ಬದಲಿಸಿತ್ತು ಅಷ್ಟೇ. ಬೇರೆ ಯಾವ ಡಾಕ್ಟರು ಏನು ಹೇಳಿದರೂ ಅದನ್ನು ಸೊಸೆಯ ಬಾಯಲ್ಲಿ ಇನ್ನೊಮ್ಮೆ ಕೇಳದೆ ಮಾತ್ರೆ ನುಂಗುತ್ತಿರಲಿಲ್ಲ.

ಆ ವರ್ಷದ ಕೊನೆಯಲ್ಲಿ ನಾವೆಲ್ಲ ಶೃಂಗೇರಿಗೆ ಹೋಗಿದ್ದೆವು. ಊಟ ಮುಗಿಸಿ ತುಂಗೆಯ ಮೆಟ್ಟಿಲಲ್ಲಿ ಕೂತಿದ್ದೆವು. ನನ್ನ ಮಗಳು ಮಂಡಕ್ಕಿ ಎರಚುತ್ತಿದ್ದಳು, ಮಾರುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಅಮ್ಮ ಬಹಳ ಹೊತ್ತು ನೋಡಿದಳು. ಆ ಶಾಲೆಯಲ್ಲಿ ಹೇಳಿದ್ದೇನು, ಸೂರ್ಯನ ವಿಷಯ, ನನಗೂ ಹೇಳು ಎಂದು ಅತ್ತಿಗೆಯನ್ನು ಕೇಳಿದಳು. ಅತ್ತಿಗೆ ಹೇಳಿದರು. ಸಮುದ್ರ ಆರುವಲ್ಲಿಗೆ ಬಂದಾಗ ಅಮ್ಮ ತಡೆದಳು.

“ಈ ಹೊಳೆ?”

“ಇದೂ ಇರಲ್ಲಮ್ಮ.”

“ಮೀನು?”

ಅತ್ತಿಗೆ ಉತ್ತರ ಹೇಳುವ ಮೊದಲೇ ಅಮ್ಮ ಮೊಮ್ಮಗಳ ಕೈಯಿಂದ ಮಂಡಕ್ಕಿಯ ಪೊಟ್ಟಣ ತೆಗೆದುಕೊಂಡು, ಸೀರೆ ಎತ್ತಿ ಹಿಡಿದು, ಇನ್ನೂ ಒಂದು ಮೆಟ್ಟಿಲು ಕೆಳಗಿಳಿದಳು. ಬುಟ್ಟಿಯಲ್ಲಿ ಮಂಡಕ್ಕಿ ಮಾರುವವನು ಹಳೆಯದನ್ನು ಕೊಟ್ಟಿರಬಹುದೆಂದು ಒಂದೆರಡು ಕಾಳು ಬಾಯಿಗೆ ಹಾಕಿ ನೋಡಿ, ಉಳಿದದ್ದನ್ನು ನೀರಿಗೆ ಎರಚಿದಳು.